ನಮ್ಮ ಟೇಬಲ್ಲುಗಳ ಕಾರಹುಣ್ಣಿಮೆ

ಗಂಡಸಿಗೆ ಒಂದಾದರೂ ಚಟ ಇರಬೇಕು, ಇಲ್ಲದಿದ್ದರೆ ಹೆಂಡತಿಗೆ ಬೈಯಲು ವಿಷಯವೇ ಸಿಗದೆ ಸಂಸಾರ ಸಪ್ಪಗಾಗುತ್ತದೆ ಎಂದು ನಂಬಿದವನು ನಾನು. ಎಲೆಯಡಿಕೆ ನನಗೆ ಒಗ್ಗಲಿಲ್ಲ. ಇಸ್ಪೀಟಿನಲ್ಲಿ ರಾಜ ಯಾವನು, ಗುಲಾಮ ಯಾವನು ಎಂದು ಗುರುತು ಹಿಡಿಯುವಷ್ಟರಲ್ಲಿ ಆಟ ಮುಗಿದು ಎಲ್ಲರೂ ಚಹಾಕ್ಕೆ ಎದ್ದಿರುತ್ತಿದ್ದರು. ಕೊನೆಗೆ ನನ್ನ ಪಾಲಿಗೆ ಬಂದದ್ದು ಸಣ್ಣ ಟೇಬಲ್ಲುಗಳ ಚಟ. ಅದೂ ಹೊಸ ಟೇಬಲ್ಲಲ್ಲ. ಯಾರೋ ಬಳಸಿ, ಬೇಸತ್ತು, ಕೈಬಿಟ್ಟವು. ಅಂಥದ್ದೊಂದನ್ನು ತಂದು, ಉಜ್ಜಿ, ಬಣ್ಣ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡುವಾಗ ಸಿಗುವ ಸುಖ ಇದೆಯಲ್ಲ, ಅದನ್ನು ನನ್ನ ಹೆಂಡತಿ ಮಹಾದೇವಿಗೆ ಮೂವತ್ತು ವರ್ಷದಿಂದ ವಿವರಿಸುತ್ತಿದ್ದೇನೆ. ಆಕೆಗೆ ಇನ್ನೂ ತಿಳಿದಿಲ್ಲ.

ಈ ಚಟಕ್ಕೆ ಅಫಜಲಪುರದಂಥ ಊರು ಇನ್ನೊಂದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ನಮ್ಮೂರಿಗೆ ವರ್ಗವಾಗಿ ಬರುವ ಅಧಿಕಾರಿ ಮುಖ ಸಣ್ಣದು ಮಾಡಿಕೊಂಡೇ ಬಸ್ಸು ಇಳಿಯುತ್ತಾನೆ. ಬಿಸಿಲನ್ನು ಬೈಯುತ್ತಾನೆ, ಧೂಳನ್ನು ಬೈಯುತ್ತಾನೆ, ಭೀಮಾ ನದಿ ಎಲ್ಲಿದೆ ತೋರಿಸಿ ಎಂದು ಕೇಳಿ ಅದನ್ನೂ ಬೈಯುತ್ತಾನೆ. ಆದರೆ ವರ್ಗದ ಆರ್ಡರು ಕೈಗೆ ಬಂದ ದಿನ ಅವನಷ್ಟು ಉದಾರಿ ಯಾರೂ ಇಲ್ಲ. ಲಾರಿಯಲ್ಲಿ ಹಿಡಿಸದ ಸಾಮಾನನ್ನೆಲ್ಲ ಸಿಕ್ಕವರಿಗೆ ಸಿಕ್ಕಷ್ಟಕ್ಕೆ ಕೊಟ್ಟು ಹಗುರಾಗುತ್ತಾನೆ. ಆ ಹೊತ್ತಿಗೆ ಸರಿಯಾಗಿ ಅವನ ಮನೆಯ ಮುಂದೆ ಸುಳಿದಾಡುವುದು ಒಂದು ವಿದ್ಯೆ. ಊರಿನಲ್ಲಿ ಯಾರಿಗೆ ವರ್ಗವಾಯಿತೆಂಬ ಸುದ್ದಿ ಆ ಅಧಿಕಾರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಹೀಗೆ ಕೂಡಿದವು ನಾಲ್ಕು ಟೇಬಲ್ಲು. ಒಂದು ದನದ ಡಾಕ್ಟರದು. ಅದರ ಸಂದುಗಳಿಂದ ಜ್ವರ ಬಂದ ಎಮ್ಮೆಯ ಔಷಧದ ವಾಸನೆ ಬರುತ್ತಿತ್ತು. ಎರಡನೆಯದು ಮಂಗಳೂರು ಕಡೆಯ ಬ್ಯಾಂಕ್ ಮ್ಯಾನೇಜರದು. ಸಜ್ಜನ ಟೇಬಲ್ಲು, ಒಂದು ಕಲೆ ಇರಲಿಲ್ಲ. ಮೂರನೆಯದನ್ನು ಜೇವರ್ಗಿಯ ಒಬ್ಬ ದರ್ಜಿಯ ಅಂಗಡಿಯಿಂದ ಬಸ್ಸಿನ ಟಾಪಿಗೆ ಹಾಕಿಸಿ ತಂದೆ. ಚೌಡಾಪುರದ ತಿರುವಿನಲ್ಲಿ ಅದು ಹಗ್ಗದಿಂದ ಜಾರಿ ರಸ್ತೆಗೆ ಬಿದ್ದು ಒಂದು ಕಾಲು ಎರಡು ಬೆರಳು ಗಿಡ್ಡವಾಯಿತು. ಕಂಡಕ್ಟರ್ ಇಳಿದು ನೋಡಿ, ಟೇಬಲ್ಲು ಎತ್ತಿಕೊಡುವುದಕ್ಕಿಂತ ಹೆಚ್ಚು ಹೊತ್ತು ನನಗೇ ಸಮಾಧಾನ ಹೇಳಿದ. ನಾಲ್ಕನೆಯದು ಆಳಂದದ ಖಾನಾವಳಿಯದು, ಮೈತುಂಬ ಚಹಾದ ಕಪ್ಪಿನ ಉಂಗುರಗಳು. ಹದಿನಾರು ಕಾಲು ಇರಬೇಕಾದಲ್ಲಿ ನನ್ನ ಬಳಿ ಹದಿನೈದು ಮುಕ್ಕಾಲು ಇದ್ದವು. ನಾಲ್ಕೂ ಕುಳ್ಳಗೆ, ಮೊಣಕಾಲಿನೆತ್ತರ. ಏತಕ್ಕೆ ಬೇಕು ಎಂದು ಕೇಳಬೇಡಿ. ಮಹಾದೇವಿ ಕೇಳಿದಾಗಲೂ ನಾನು ಉತ್ತರ ಕೊಟ್ಟಿರಲಿಲ್ಲ.

ಇಷ್ಟರಲ್ಲಿ ಆ ಟೇಬಲ್ಲುಗಳಿಗೆ ಒಂದು ಕಾರಣ ತಾನಾಗಿ ಹುಟ್ಟಿತು. ಕಾರಣ ಮಹಾದೇವಿಯೇ. ಆಕೆಯ ತವರು ಆಳಂದ. ಮ್ಯಾಟ್ರಿಕ್ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಮುಂದೆ ಓದಿಸುತ್ತೇವೆ ಎಂದ ಅಪ್ಪ, ಅಷ್ಟರಲ್ಲಿ ಮಾಸ್ತರ ವರ ಸಿಕ್ಕನೆಂದು ನನಗೆ ಕಟ್ಟಿಬಿಟ್ಟರು. ಆ ಫಸ್ಟ್ ಕ್ಲಾಸು ಹತ್ತು ವರ್ಷ ಟ್ರಂಕಿನ ತಳದಲ್ಲಿತ್ತು. ನಮ್ಮ ಓಣಿಯ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವಾಗ ಮಕ್ಕಳನ್ನು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಮಹಾದೇವಿ ಅವಕ್ಕೆ ಹಾಡು ಹೇಳಿಕೊಡುತ್ತ, ಮೂಗು ಒರೆಸುತ್ತ, ಹುಣಸೆ ಬೀಜದಲ್ಲಿ ಎಣಿಕೆ ಕಲಿಸುತ್ತ ಇರುತ್ತಿದ್ದಳು. ಸರಕಾರದವರು ಬಾಲವಾಡಿ ಮಂಜೂರು ಮಾಡುತ್ತಿದ್ದಾರೆಂದು ಸುದ್ದಿ ಬಂದಾಗ ಆಕೆ ಯಾರನ್ನೂ ಕೇಳದೆ ಅರ್ಜಿ ಹಾಕಿದಳು. ನನಗೆ ತಿಳಿಸಿದ್ದು ಪೋಸ್ಟ್ ಮಾಡಿದ ಮೇಲೆ.

"ಈ ಮನಿ ಮುಂದ ನಿಮ್ಮ ಹೆಸರಿನ ಬೋರ್ಡ್ ಅದ," ಎಂದಳು. "ಅದರ ಬಾಜೂಕ ನನ್ನ ಹೆಸರಿಂದೂ ಒಂದು ಇರಲಿ ಅಂತ ಅನಸ್ತದ್ರಿ ನನಗ."

ಹತ್ತು ವರ್ಷ ಆಕೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು, ನಾನು ಮಾತ್ರ ಯಾರಿಗೆ ವರ್ಗವಾಯಿತು ಎಂದು ಊರು ತಿರುಗುತ್ತಿದ್ದೆ. ಏನಾದರೂ ಮಾಡಿ ಈ ಬಾಲವಾಡಿ ಆಗಲೇಬೇಕು, ಅದರಲ್ಲಿ ನನ್ನ ಕೈಯೂ ಇರಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಕೈ ಇರಬೇಕೆಂದುಕೊಂಡದ್ದು ಎಷ್ಟು ಅಕ್ಷರಶಃ ನಿಜವಾಯಿತೆಂಬುದು ಮುಂದೆ ಬರುತ್ತದೆ.

ಜಾಗ ನೋಡಲು ಗುಲ್ಬರ್ಗದಿಂದ ಒಬ್ಬ ಮೇಡಂ ಬರುವವರಿದ್ದರು. ಕಾಗದ ಬಂದಾಗ ಎಂಟು ದಿನ ಉಳಿದಿತ್ತು. ಮಕ್ಕಳಿಗೆ ನಾಲ್ಕು ಟೇಬಲ್ಲು ಇದ್ದರೆ ಮೇಡಂ ದಂಗಾಗಿ ಅಲ್ಲೇ ಮಂಜೂರು ಮಾಡಿಬಿಡುತ್ತಾರೆ ಎಂದೆ. ಮಹಾದೇವಿ ಬೇಡವೆಂದಳು. ಮಕ್ಕಳು ನೆಲದ ಮೇಲೆ ಕೂಡ್ರುವಂಥವು, ಜಮಖಾನೆ ಹಾಸಿದರೆ ಸಾಕು, ಟೇಬಲ್ಲಿನ ಮೂಲೆ ಯಾವುದಾದರೂ ಕೂಸಿನ ಹಣೆಗೆ ಬಡಿದರೆ ಯಾರು ಉತ್ತರ ಕೊಡಬೇಕು ಎಂದಳು. ಎಲ್ಲವೂ ಸರಿಯಾದ ಮಾತೇ. ಆದರೆ ಚಟಕ್ಕೆ ಬಿದ್ದವನಿಗೆ ಸರಿಯಾದ ಮಾತು ಕೇಳಿಸುವುದಿಲ್ಲ. ಬಣ್ಣ ಹಚ್ಚುವವರೆಗೆ ಸುಮ್ಮನಿರು, ಆಮೇಲೆ ನೋಡು ಎಂದು ಹೇಳಿ ಬಜಾರಿಗೆ ಹೋದೆ.

ಬಜಾರಿನಲ್ಲಿ ಬಣ್ಣವಿಲ್ಲ. ಒಂದು ಡಬ್ಬಿಯೂ ಇಲ್ಲ. ಎರಡು ದಿನದ ಹಿಂದಷ್ಟೇ ಕಾರಹುಣ್ಣಿಮೆ ಆಗಿತ್ತು. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಮೆರೆಸುತ್ತಾರೆ. ಮನೆಯ ಗೋಡೆಗೆ ಸುಣ್ಣ ಕಾಣದಿದ್ದರೂ ನಡೆದೀತು, ಎತ್ತಿನ ಕೊಂಬು ಮಾತ್ರ ಮಿಂಚಬೇಕು. ಹೀಗಾಗಿ ಊರಿನ ಅಂಗಡಿಗಳಲ್ಲಿದ್ದ ಕೆಂಪು, ಹಳದಿ, ಹಸಿರು ಎಲ್ಲ ಕೊಂಬಿಗೇರಿ ಹೊಲಕ್ಕೆ ಹೋಗಿತ್ತು. ಹೊಸ ಮಾಲು ಬರಲು ಹದಿನೈದು ದಿನ ಬೇಕು ಎಂದ ಅಂಗಡಿಯವನು.

ಸಪ್ಪೆ ಮುಖ ಹಾಕಿಕೊಂಡು ಬರುವಾಗ ಪಕ್ಕದ ಮನೆಯ ಶರಣಪ್ಪ ಕಾಕಾ ಕಟ್ಟೆಯ ಮೇಲೆ ಕುಳಿತಿದ್ದ. ಎರಡು ಜೊತೆ ಎತ್ತು ಕಟ್ಟಿದ ರೈತ, ನನಗಿಂತ ಇಪ್ಪತ್ತು ವರ್ಷ ಹಿರಿಯ. ನನ್ನ ಸಂಕಟ ಕೇಳಿ ನಕ್ಕ.

"ಅಂಗಡ್ಯಾಗ ಯಾಕ ಹುಡಕತೀರಿ ಮಾಸ್ತರ್ರ? ನಮ್ಮ ಮನ್ಯಾಗ ಅರ್ಧ ಗಡಿಗಿ ಬಣ್ಣ ಉಳದದ. ಹುರಮಂಜ, ಕುಸುಬಿ ಎಣ್ಣ್ಯಾಗ ಕಲಿಸಿದ್ದು. ಎರಡು ಸಲ ಬಡದ್ರ ಮಿರಿಮಿರಿ ಮಿಂಚತದ ನೋಡ್ರಿ."

ಹುರಮಂಜವೆಂದರೆ ಇಟ್ಟಿಗೆಗಿಂತ ಕೆಂಪಾದ ಪುಡಿ. ಕುಸುಬಿ ಎಣ್ಣೆ ನಮ್ಮ ಸೀಮೆಯ ಅಡಿಗೆ ಎಣ್ಣೆ. ಒಗ್ಗರಣೆಗೂ ಅದೇ, ತಲೆಗೂ ಅದೇ. ಹೊರಳಿ ನೋಡಿದರೆ ಕಾಕಾನ ಎತ್ತಿನ ಕೊಂಬುಗಳು ಅವತ್ತಿನ ಬಿಸಿಲಿಗೆ ನಿಜಕ್ಕೂ ಥಳಥಳ ಹೊಳೆಯುತ್ತಿದ್ದವು. ಅದು ಒಣಗಿ ಹೊಳೆಯುತ್ತಿದೆಯೋ ಹಸಿಯಾಗಿ ಹೊಳೆಯುತ್ತಿದೆಯೋ ಎಂದು ಮುಟ್ಟಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಬಂದಿದ್ದರೂ, ಹಾಯುವ ಎತ್ತಿನ ಕೊಂಬು ಮುಟ್ಟುವ ಧೈರ್ಯ ಯಾವ ಕನ್ನಡ ಮಾಸ್ತರನಿಗಿದೆ? ಕಾಕಾನಿಗೂ ಅದು ಒಣಗುವ ಅವಶ್ಯಕತೆ ಇರಲಿಲ್ಲ. ಕೊಂಬಿನ ಮೇಲೆ ಯಾರೂ ಪಾಟಿ ಇಟ್ಟು ಬರೆಯುವುದಿಲ್ಲ.

ಗಡಿಗೆ ತಂದೆ. ಆ ರವಿವಾರ ನನ್ನ ಜೀವನದ ಅತ್ಯಂತ ಸುಖದ ದಿನಗಳಲ್ಲಿ ಒಂದು. ಹಳೆಯ ಧೋತರ ಮೊಣಕಾಲಿಗೆ ಏರಿಸಿ, ಹಿತ್ತಲಲ್ಲಿ ನಾಲ್ಕೂ ಟೇಬಲ್ಲು ಸಾಲಾಗಿ ನಿಲ್ಲಿಸಿ, ಬೇವಿನ ಟೊಂಗೆ ಜಜ್ಜಿ ಮಾಡಿದ ಕುಂಚದಿಂದ ಬಡಿಯತೊಡಗಿದೆ. ದನದ ಡಾಕ್ಟರರ ವಾಸನೆ ಮುಚ್ಚಿತು. ಆಳಂದದ ಚಹಾದ ಉಂಗುರ ಮುಚ್ಚಿದವು. ಜೇವರ್ಗಿಯ ಕುಂಟುಗಾಲಿನ ಕೆಳಗೆ ಒಂದು ಕಲ್ಲುಚಕ್ಕೆ ಇಟ್ಟು ಅದಕ್ಕೂ ಬಣ್ಣ ಹಚ್ಚಿದೆ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದೆ. ನಾಲ್ಕೂ ನವಮದುಮಕ್ಕಳು. ಮಹಾದೇವಿಯೂ ಬಾಗಿಲಲ್ಲಿ ನಿಂತು ನೋಡಿ, ಬಣ್ಣವೇನೋ ಚಂದ ಬಂದಿದೆ ಎಂದಳು. ಆಕೆ ನನ್ನನ್ನು ಹೊಗಳಿದ್ದು ಅಪರೂಪವಾದ್ದರಿಂದ ತಾರೀಖು ಸಹಿತ ನೆನಪಿಡಬೇಕಿತ್ತು.

ಸೋಮವಾರ ಒಣಗಲಿಲ್ಲ. ಹೊಸ ಬಣ್ಣ, ಒಂದು ದಿನ ಹಿಡಿಯುತ್ತದೆ ಎಂದೆ. ಮಂಗಳವಾರ ಮೋಡ ಕವಿಯಿತು. ಮೋಡದ ಮೇಲೆ ತಪ್ಪು ಹೊರಿಸಿದೆ. ಬುಧವಾರ ಒಂದು ಕೋಳಿ ಬ್ಯಾಂಕ್ ಮ್ಯಾನೇಜರರ ಟೇಬಲ್ಲಿನ ಮೇಲೆ ಹಾರಿ ಕುಳಿತು, ಏಳುವಾಗ ಮೂರು ಪುಕ್ಕ ಅಲ್ಲೇ ಬಿಟ್ಟು ಹೋಯಿತು. ಅವತ್ತು ಸಂಜೆ ನಾನು ಮೈಮರೆತು ಅದರ ಮೇಲೆ ದಿನಪತ್ರಿಕೆ ಇಟ್ಟೆ. ಎತ್ತಿದಾಗ ಅರ್ಧ ಪತ್ರಿಕೆ ನನ್ನ ಕೈಯಲ್ಲಿತ್ತು, ಅರ್ಧ ಟೇಬಲ್ಲಿನ ಮೇಲೆ. ಜೋಳದ ಪೇಟೆ ಧಾರಣೆ ಉಲ್ಟಾ ಅಕ್ಷರದಲ್ಲಿ ಅಚ್ಚಾಗಿ ಕೂತಿತ್ತು.

ಊರಿನ ಬಡಿಗನನ್ನು ಕರೆದು ತೋರಿಸಿದೆ. ಆತ ಬೆರಳಿಂದ ಮುಟ್ಟಿ, ಮೂಸಿ, ನನ್ನ ಮುಖ ನೋಡಿದ. ಕಟ್ಟಿಗೆಗೆ ಹಚ್ಚುವುದು ಕುದಿಸಿದ ಅಗಸೆ ಎಣ್ಣೆ, ಅದು ಎರಡು ದಿನದಲ್ಲಿ ಬಿಗಿಯುತ್ತದೆ. ನೀವು ಹಚ್ಚಿದ್ದು ಪಲ್ಯದ ಎಣ್ಣೆ, ದೀಪಾವಳಿಗೆ ಒಣಗಿದರೆ ನಿಮ್ಮ ಪುಣ್ಯ ಎಂದ. ಕಾಕಾನಿಗೆ ಹೇಳಿದರೆ ಆತ ನೊಂದುಕೊಂಡ. ನಲವತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಒಂದು ಎತ್ತೂ ಇಲ್ಲಿಯವರೆಗೆ ತಕರಾರು ಮಾಡಿಲ್ಲ ಎಂದ. ಅದೂ ನಿಜವೇ.

ಶುಕ್ರವಾರ ನನಗೆ ಒಂದು ಯುಕ್ತಿ ಹೊಳೆಯಿತು. ಮಹಾದೇವಿ ರೊಟ್ಟಿ ಬಡಿಯುವಾಗ ಕೊಣಮಿಗೆಯ ಮರದ ತಟ್ಟೆಗೆ ಹಿಟ್ಟು ಅಂಟಬಾರದೆಂದು ಒಣ ಹಿಟ್ಟು ಉದುರಿಸುತ್ತಾಳಲ್ಲ, ಅದೇ ನ್ಯಾಯ ಟೇಬಲ್ಲಿಗೆ ಯಾಕೆ ಆಗಬಾರದು? ಆಕೆ ನೀರಿಗೆ ಹೋದಾಗ ಡಬ್ಬಿಯಿಂದ ಎರಡು ಬೊಗಸೆ ಜೋಳದ ಹಿಟ್ಟು ತಂದು ನಾಲ್ಕೂ ಟೇಬಲ್ಲಿಗೆ ಸಮನಾಗಿ ಉದುರಿಸಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಹಿಟ್ಟು ಎಣ್ಣೆ ಕುಡಿದು ಮುದ್ದೆಗಟ್ಟಿತು, ಹಿಂದೆಯೇ ಇರುವೆ ಸಾಲು ಹಿಡಿದು ಬಂದವು, ಬಂದ ಇರುವೆ ತಿರುಗಿ ಹೋಗಲಾರದೆ ಅಲ್ಲೇ ನಿಂತವು. ಕೊಡ ಹೊತ್ತು ಬಂದ ಮಹಾದೇವಿ ಕೊಡ ಇಳಿಸುವುದನ್ನೂ ಮರೆತು ನೋಡಿದಳು. ಆಮೇಲೆ ಅರ್ಧ ದಿನ ಕೂತು ಅದನ್ನೆಲ್ಲ ಕೆರೆದು ತೆಗೆದಳು. ಹಿಟ್ಟು ಹೋಯಿತು, ಇರುವೆ ಹೋದವು, ಅಂಟು ಮಾತ್ರ ಇದ್ದಲ್ಲೇ ಇತ್ತು. ಈ ನಾಲ್ಕೂ ಹಿತ್ತಲು ಬಿಟ್ಟು ಒಳಗೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಮಂಜೂರಿ ಬರದೆ ಹೋದರೆ ಟೇಬಲ್ಲುಗಳನ್ನು ಒಲೆಗೆ ಹಾಕುವುದಾಗಿಯೂ, ಆಮೇಲೆ ನನ್ನ ವಿಚಾರ ಮಾಡುವುದಾಗಿಯೂ ಹೇಳಿದಳು.

ಇಲ್ಲಿಗೆ ನಾನು ಸುಮ್ಮನಿದ್ದರೆ ಈ ಪ್ರಬಂಧಕ್ಕೆ ಕೆಲಸವಿರಲಿಲ್ಲ. ಮೇಡಂ ಬರುವ ಮುಂಜಾನೆ ಪಡಸಾಲೆ ನೋಡಿದೆ. ಸಾರಿಸಿದ ನೆಲ, ಒಂದು ಜಮಖಾನೆ, ಗೋಡೆಗೆ ಕಾಗೆ ಗುಬ್ಬಿಗಳ ಚಿತ್ರ, ಮೇಡಂಗೆಂದು ಒಂದು ಕುರ್ಚಿ. ಅಷ್ಟೇ. ನನ್ನ ಕೈ ಎಲ್ಲಿದೆ ಇದರಲ್ಲಿ? ಮಹಾದೇವಿ ಮಕ್ಕಳನ್ನು ಕರೆತರಲು ಓಣಿಗೆ ಹೋದದ್ದೇ ತಡ, ಕಾಲುಗಳಿಗೆ ಚಿಂದಿ ಸುತ್ತಿ ಹಿಡಿದು ಒಂದೊಂದಾಗಿ ನಾಲ್ಕನ್ನೂ ಒಳಗೆ ತಂದು ಸಾಲಾಗಿ ಇಟ್ಟೆ. ನೋಡಲು ಏನು ಸೊಗಸು! ಮುಟ್ಟದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಆಕೆ ಹನ್ನೊಂದು ಮಕ್ಕಳ ಜೊತೆ ಮುಂಬಾಗಿಲಿಗೆ ಬರುವುದಕ್ಕೂ, ಬಸ್ಸಿಳಿದ ಮೇಡಂ ಅದೇ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಹೀಗಾಗಿ ಮಹಾದೇವಿ ನನಗೆ ಏನೂ ಹೇಳುವ ಹಾಗಿರಲಿಲ್ಲ. ಬರೀ ನೋಡಿದಳು. ಆ ನೋಟ ಈಗಲೂ ಆಗಾಗ ಬೆನ್ನಿಗೆ ಚುಚ್ಚುತ್ತದೆ.

ನಾನು ಮಕ್ಕಳ ಕಿವಿಯಲ್ಲಿ, ಟೇಬಲ್ಲು ಮುಟ್ಟಿದರೆ ನೋಡಿ ಮತ್ತೆ ಎಂದು ಹೆದರಿಸಿದೆ. ಹನ್ನೊಂದೂ ಮಕ್ಕಳು ಕೈಕಟ್ಟಿ, ಕಚ್ಚುವ ನಾಯಿಯನ್ನು ನೋಡುವಂತೆ ಟೇಬಲ್ಲನ್ನೇ ನೋಡುತ್ತ ಅಲುಗದೆ ಕುಳಿತವು. ಐವತ್ತರ ಆಸುಪಾಸಿನ ಮೇಡಂ, ದಪ್ಪ ಕನ್ನಡಕ, ನಿಧಾನದ ಮಾತು. ಇಷ್ಟು ಶಿಸ್ತಿನ ಮಕ್ಕಳನ್ನು ಮೂರು ತಾಲ್ಲೂಕಿನಲ್ಲಿ ನೋಡಿಲ್ಲ ಎಂದರು. ಮಹಾದೇವಿ ಹಾಡು ಹೇಳಿಸಿದಳು, ಹುಣಸೆ ಬೀಜ ಎಣಿಸಲು ಹಚ್ಚಿದಳು, ಅಳುವ ಒಂದು ಕೂಸನ್ನು ಸೊಂಟಕ್ಕೆ ಹಾಕಿಕೊಂಡೇ ಕಥೆ ಹೇಳಿದಳು. ಮೊದಲು ನಡುಗುತ್ತಿದ್ದ ದನಿ ಬರಬರುತ್ತ ಗಟ್ಟಿಯಾಯಿತು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಹತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದರೂ ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ ಎನಿಸಿ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೇಡಂ ಮೆಚ್ಚಿದ್ದು ಮುಖದಲ್ಲೇ ಕಾಣುತ್ತಿತ್ತು. ಚೀಲದಿಂದ ಒಂದು ಫಾರಂ ತೆಗೆದರು. ಎಲ್ಲ ತುಂಬಿಯಾಗಿತ್ತು, ಪಡಸಾಲೆ ಬಿಟ್ಟುಕೊಡಲು ಮನೆಯ ಯಜಮಾನನ ಒಪ್ಪಿಗೆ ಇದೆಯೆಂದು ನನ್ನ ಸಹಿ ಮಾತ್ರ ಬೇಕು. ತೊಡೆಯ ಮೇಲೆ ಇಟ್ಟುಕೊಂಡೇ ನನ್ನ ಕಡೆ ಚಾಚುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತು: ಟೇಬಲ್ ಮೇಲೆ ಇಡಿ ಮೇಡಂ, ಅನುಕೂಲ ಆಗುತ್ತದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು. ಟೇಬಲ್ಲನ್ನು ಅವರು ಗಮನಿಸಲೇ ಇಲ್ಲವಲ್ಲ ಎಂಬ ಸಂಕಟವೇ ಕಾರಣವೆಂದು ಕಾಣುತ್ತದೆ.

ಅವರು ಇಟ್ಟರು. ಮುಂದಿನ ಸಾಲಿನ ಪುಟ್ಟ ಹುಡುಗಿ, ಅಯ್ಯೋ, ಅದು ಹಿಡದ್ರ ಬಿಡಂಗಿಲ್ರಿ ಎಂದಿತು. ನಾನು ಧಾವಿಸಿ ಎಡಗೈ ಟೇಬಲ್ಲಿಗೆ ಊರಿ ಬಲಗೈಯಿಂದ ಫಾರಂ ಬಿಡಿಸಿದೆ. ಅದು ಹರಿಯದೆ ಬಂದದ್ದು ಮಹಾದೇವಿಯ ಪುಣ್ಯ. ಬಂದ ಸಂತೋಷಕ್ಕೆ ಎಡಗೈಯನ್ನು ಅದರ ಮೇಲಿಟ್ಟು ನೆಟ್ಟಗೆ ಮಾಡಿದೆ. ಐದು ಬೆರಳು, ಅಂಗೈ, ಗೆರೆಗಳ ಸಮೇತ, ಸಹಿ ಮಾಡುವ ಜಾಗದಲ್ಲೇ ಕೆಂಪಗೆ ಮೂಡಿತು. ಪೆನ್ನು ಹಚ್ಚಿದರೆ ಎಣ್ಣೆ ಕುಡಿದ ಕಾಗದದ ಮೇಲೆ ಶಾಯಿ ನಿಲ್ಲದು. ಬೇರೆ ಫಾರಂ ಇಲ್ಲ, ಮರುದಿನವೇ ಪಟ್ಟಿ ಮುಚ್ಚುತ್ತದೆ. ಮಹಾದೇವಿ ಸೊಂಟದ ಕೂಸನ್ನು ಅವುಚಿಕೊಂಡು ಗೋಡೆ ನೋಡುತ್ತಿದ್ದಳು, ಆಕೆಯ ಕಣ್ಣಲ್ಲಿ ನೀರಿತ್ತು. ಹತ್ತು ವರ್ಷದ ಆಸೆಯನ್ನು ಒಂದು ಅಂಗೈಯಲ್ಲಿ ಒರೆಸಿಬಿಟ್ಟೆನಲ್ಲ ಎಂದು ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮೇಡಂ ಫಾರಂ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದು ಎತ್ತಿನ ಕೊಂಬಿನ ಬಣ್ಣ ಹೌದಲ್ರಿ ಮಾಸ್ತರ್ರ?"

ಹೌದೆಂದು ಗೋಣು ಹಾಕಿದೆ. ಅವರ ಭುಜ ಅಲುಗತೊಡಗಿತು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ಜೇವರ್ಗಿ ಕಡೆಯ ರೈತರ ಮನೆಯ ಮಗಳಂತೆ. ಸಣ್ಣವರಿದ್ದಾಗ ಪ್ರತಿ ಕಾರಹುಣ್ಣಿಮೆಗೂ ಹೊಸ ಲಂಗಕ್ಕೆ ಇದೇ ಬಣ್ಣ ಬಳಿದುಕೊಂಡು ಅವ್ವನ ಕೈಯಲ್ಲಿ ಏಟು ತಿಂದವರಂತೆ. ಕುರ್ಚಿಯಿಂದಿಳಿದು ಮಕ್ಕಳ ಜೊತೆ ಜಮಖಾನೆಯ ಮೇಲೆ ಕುಳಿತು ಚಹಾ ಕುಡಿದರು. ಮಹಾದೇವಿಯ ಕೈ ಹಿಡಿದು, "ನಿನ್ನ ಪಾಠ ನೋಡಿ ಬರದೀನವ್ವ, ಟೇಬಲ್ ನೋಡಿ ಅಲ್ಲ. ಇದು ಇದ್ದಂಗೇ ಹೋಗಲಿ, ಒಪ್ಪಿಗಿ ಅದ ಅಂತ ಯಾರಿಗಾದ್ರೂ ತಿಳಿತದ," ಎಂದು ಫಾರಂ ಚೀಲಕ್ಕೆ ಹಾಕಿಕೊಂಡು ಹೊರಟರು.

ಎರಡು ತಿಂಗಳು ನಮ್ಮ ಮನೆಯಲ್ಲಿ ಟೇಬಲ್ ಎಂಬ ಶಬ್ದ ಯಾರೂ ಆಡಲಿಲ್ಲ. ಶ್ರಾವಣದಲ್ಲಿ ಕಂದು ಲಕೋಟೆ ಬಂತು. ಮಹಾದೇವಿ ನಿಂತಲ್ಲೇ ಒಡೆದು ಓದಿದಳು. ಬಾಲವಾಡಿ ಮಂಜೂರಾಗಿತ್ತು! ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ, ಕಾಕಾ ಓಣಿಗೆಲ್ಲ ಬೆಲ್ಲ ಹಂಚಿದ. ಅಳು ಮುಗಿದ ಮೇಲೆ ಆಕೆ ಕೊನೆಯ ಸಾಲುಗಳನ್ನು ಓದಿ, ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು. ಈ ಸಲ ಅಳುವಿಗಲ್ಲ. ನಾನು ಕಸಿದು ನೋಡಿದರೆ ಹೀಗಿತ್ತು: ಒಪ್ಪಿಗೆ ಪತ್ರದಲ್ಲಿ ಸಹಿಯ ಬದಲು ಅಂಗೈ ಗುರುತು ಇರುವುದರಿಂದ ಅರ್ಜಿದಾರರ ಪತಿ ಅನಕ್ಷರಸ್ಥರೆಂದು ಕಂಡುಬಂದಿರುತ್ತದೆ. ಹೆಬ್ಬೆಟ್ಟು ಸಾಕಾಗುವಲ್ಲಿ ಇಡೀ ಕೈ ಒತ್ತಿರುವುದರಿಂದ ಅವರಿಗೆ ತಿಳಿವಳಿಕೆಯ ಅಗತ್ಯ ಹೆಚ್ಚಿರುತ್ತದೆ. ಸದರಿಯವರಿಗೆ ಅರ್ಜಿದಾರರೇ ಅಕ್ಷರ ಕಲಿಸಿ ಮೂರು ತಿಂಗಳಿಗೊಮ್ಮೆ ಪ್ರಗತಿ ತಿಳಿಸತಕ್ಕದ್ದು. ಆ ಕಾಗದದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಆದರೆ ಅನಕ್ಷರಸ್ಥ ತಿದ್ದುವುದು ಹೇಗೆ?

ಇದನ್ನು ಸರಿಪಡಿಸಲು ಗುಲ್ಬರ್ಗಕ್ಕೆ ಬರೆಯುತ್ತೇನೆ ಎಂದು ಹಾರಾಡಿದೆ. ಫೈಲು ತಿರುಗಿ ಬಂದರೆ ಮಂಜೂರಿಯೂ ತಿರುಗಿ ಹೋದೀತು, ಬಾಯಿ ಮುಚ್ಚಿಕೊಂಡಿರಿ ಎಂದಳು. ಮುಚ್ಚಿಕೊಂಡೆ. ಮನೆಯ ಮುಂದೆ ಆಕೆಯ ಹೆಸರಿನ ಬೋರ್ಡು ಬಂತು, ನನ್ನದಕ್ಕಿಂತ ಒಂದು ಗೇಣು ದೊಡ್ಡದು. ಮೂರು ತಿಂಗಳಿಗೊಮ್ಮೆ ವರದಿಯೂ ಹೋಗತೊಡಗಿತು. ಮೊದಲನೆಯದರಲ್ಲಿ, ಪತಿ ಅಕ್ಷರಗಳನ್ನು ಗುರುತಿಸುತ್ತಾರೆ ಎಂದು ಬರೆದಳು. ಎರಡನೆಯದರಲ್ಲಿ, ಕಷ್ಟಪಟ್ಟು ತಮ್ಮ ಹೆಸರು ಬರೆಯುತ್ತಾರೆ ಎಂದು ಬರೆದಳು. ನಾನು ಅತ್ತ ಹತ್ತನೆಯ ಇಯತ್ತೆಗೆ ವ್ಯಾಕರಣ ಕಲಿಸಿ ಬಂದು ಇತ್ತ ಇದನ್ನು ಪೋಸ್ಟ್ ಮಾಡುತ್ತಿದ್ದೆ.

ಬಡಿಗನ ಮಾತು ಸುಳ್ಳಾಗಲಿಲ್ಲ; ದೀಪಾವಳಿಗೆ ಟೇಬಲ್ಲು ಒಣಗಿದವು. ಕೋಳಿಯ ಪುಕ್ಕದ ಗುರುತು, ಜೋಳದ ಧಾರಣೆ, ನನ್ನ ಎಡಗೈ ಎಲ್ಲ ಅವುಗಳಲ್ಲಿ ಕಾಯಂ ಆಗಿದ್ದವು. ಬಾಲವಾಡಿಯ ಮಕ್ಕಳು ಸರದಿಯ ಮೇಲೆ ಬಂದು ತಮ್ಮ ಅಂಗೈಯನ್ನು ನನ್ನ ಅಂಗೈಯ ಗುರುತಿನ ಮೇಲಿಟ್ಟು, ಯಾರು ಎಷ್ಟು ದೊಡ್ಡವರಾದರೆಂದು ಅಳೆದುಕೊಳ್ಳುತ್ತಿದ್ದವು. ಮರುವರ್ಷದ ಬೇಸಿಗೆಯಲ್ಲಿ ಆ ಗುರುತಿನ ಟೇಬಲ್ಲೊಂದನ್ನು ಹಾಗೇ ಬಿಟ್ಟು ಉಳಿದವಕ್ಕೆ ಹೊಸ ಬಣ್ಣ ಕೊಡೋಣವೆಂದು, ಈ ಸಲ ಅಂಗಡಿಯಿಂದಲೇ ಹಳದಿ ಆಯಿಲ್ ಪೇಂಟ್ ತಂದು ಬಡಿದೆ. ಹಳೆಯ ಬಣ್ಣ ಪೂರ್ತಿ ಉಜ್ಜಿ ತೆಗೆದು ಹಚ್ಚಬೇಕೆಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಅಚ್ಚ ಕನ್ನಡದಲ್ಲಿ ಬರೆದಿತ್ತಂತೆ. ಹದಿನೈದು ದಿನಕ್ಕೆ ಹಳದಿ ಹಪ್ಪಳದ ಹಾಗೆ ಎದ್ದು ಬಂತು.

ಆ ಸಲದ ವರದಿ ಬರೆದು ಮಹಾದೇವಿ ನನ್ನ ಮುಂದಿಟ್ಟಳು. "ಪತಿಯವರು ಈಗ ದಿನಪತ್ರಿಕೆ ಓದುತ್ತಾರೆ. ಬಣ್ಣದ ಡಬ್ಬಿಯ ಮೇಲಿನದನ್ನು ಓದಲು ಇನ್ನೂ ಬರುವುದಿಲ್ಲ. ಕಲಿಕೆ ಮುಂದುವರಿದಿದೆ." ಕೆಳಗೆ ಕಲಿಯುವವನ ಸಹಿಗೆ ಜಾಗವಿತ್ತು. ಎರಡು ಸಲ ಓದಿ ನೋಡಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಕೈಗಳನ್ನು ಧೋತರಕ್ಕೆ ಚೆನ್ನಾಗಿ ಒರೆಸಿಕೊಂಡು ಸಹಿ ಮಾಡಿದೆ.